ಕಮಾನಿನ ಗಾಳಿ ತೆಗೆದ ಸಮಿತಿಗೆ

ಶ್ರೀ ಚಿತ್ತರಂಜನ ರೈ,
ಸಂಚಾಲಕರು, ಹೊಳೆಬದಿ ಶರತ್ಕಾಲದ ಓಟ ಸಮಿತಿ,
ಮಂಗಳೂರು.

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ಆ ದಿನ ತಮ್ಮ ಕೊರಳಲ್ಲಿ ತೂಗಾಡುತ್ತಿದ್ದ ಸೀಟಿಗೂ ನನ್ನ ಗೌರವಪೂರ್ವಕ ವಂದನೆಗಳು. ನಾನು ಕುಲಶೇಖರದ ವಿನಿಫ್ರೆಡ್ ಲೋಬೊ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕಳೆದ ಭಾನುವಾರ ಬಜಪೆ ಗುಡ್ಡದ ಕೆಳಗಿನ ಹೊಳೆಬದಿಯಲ್ಲಿ ತಾವು ನಡೆಸಿದ ಹತ್ತು ಕಿಲೋಮೀಟರ್ ಓಟದಲ್ಲಿ ನನ್ನ ಯಜಮಾನರಾದ ಫಿಲಿಪ್ ಅವರೊಂದಿಗೆ ಭಾಗವಹಿಸಿದ್ದೆ. ತಾವು ಪ್ರಕಟಿಸಿದ ಫಲಿತಾಂಶದಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ 'ಓಟ ಪೂರ್ಣಗೊಳಿಸಿಲ್ಲ' ಎಂದು ಬರೆದಿರುವುದನ್ನು ಕಂಡೆ. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲದಿರುವುದಕ್ಕೆ ಮನಸಾರೆ ಸಂತೋಷಪಟ್ಟು, ಉಳಿದ ತಪ್ಪಿನ ಬಗ್ಗೆ ಮಾತ್ರ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಮ್ಮ ಸಮಿತಿಯ ಫೋನನ್ನು ಯಾರೂ ಎತ್ತದ ಕಾರಣ ಇದನ್ನು ಊರಿಗೆಲ್ಲ ಕೇಳುವ ಹಾಗೆ ಬಹಿರಂಗ ಪತ್ರವಾಗಿ ಬರೆಯಬೇಕಾಗಿ ಬಂದಿದೆ, ಕ್ಷಮೆ ಇರಲಿ.

ಮೊದಲಿಗೆ ತಮ್ಮ ಭಿತ್ತಿಪತ್ರವನ್ನು ಹೊಗಳದೆ ಮುಂದೆ ಹೋದರೆ ಕೃತಘ್ನತೆಯಾದೀತು. ಇಬ್ಬದಿಗೂ ಕೆಂಪು, ಹಳದಿ ಎಲೆಗಳ ಮರಗಳು, ನಡುವೆ ಒಂದು ಹನಿಯೂ ಬೆವರದ ಓಟಗಾರರು, ಮೇಲೆ 'ಶರತ್ಕಾಲದ ತಂಪಿನಲ್ಲಿ ಓಡಿ ಬನ್ನಿ' ಎಂಬ ಆಹ್ವಾನ. ಮಂಗಳೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇಲ್ಲಿ ಮಳೆ ನಿಂತ ಮರುದಿನ ಬೆವರು ಶುರುವಾಗುತ್ತದೆ ಎಂದಷ್ಟೇ ಗೊತ್ತಿತ್ತು. ನಡುವೆ ಶರತ್ಕಾಲವೊಂದು ಬಂದು ಹೋಗುತ್ತದೆ ಎಂಬುದು ತಮ್ಮಿಂದ ತಿಳಿಯಿತು. ಆ ಮರಗಳನ್ನು ದಾರಿಯುದ್ದಕ್ಕೂ ಹುಡುಕಿದೆ. ಕೆಂಪೆಲೆ ಕಂಡದ್ದು ಒಂದೇ ಒಂದು ಕಾಡುಬಾದಾಮಿ ಮರದಲ್ಲಿ, ಅದರ ನೆರಳಲ್ಲಿ ತಮ್ಮ ಸ್ವಯಂಸೇವಕರು ಕಾರು ನಿಲ್ಲಿಸಿ ಮಲಗಿದ್ದರು. ಮುಂದಿನ ವರ್ಷಕ್ಕೆ ಸಮಿತಿಯು ದಯವಿಟ್ಟು ಭಿತ್ತಿಪತ್ರದ ಮರಗಳನ್ನು ಬುಡಸಮೇತ ತರಿಸಿ ನೆಡಿಸಬೇಕು, ಬರುವಾಗ ಅಲ್ಲಿಯ ಹವೆಯನ್ನೂ ಸ್ವಲ್ಪ ಕಟ್ಟಿ ತರಬೇಕು ಎಂದು ಪ್ರಾರ್ಥನೆ.

ಇನ್ನು ಫಿಲಿಪ್ ಯಾರೆಂದು ತಿಳಿಸಬೇಕು. ಕುವೈತಿನ ಗೋದಾಮೊಂದರಲ್ಲಿ ಬಹುಕಾಲ ಮೇಲ್ವಿಚಾರಕರಾಗಿದ್ದವರು. ತಾನು ಗದರಿದರೆ ಕ್ರೇನು ಕೂಡ ಅರ್ಧದಲ್ಲಿ ನಿಲ್ಲುತ್ತಿತ್ತು ಎಂದು ಹೇಳಿಕೊಳ್ಳುವ ಮನುಷ್ಯ. ಈ ಸಲದ ಮಳೆಗಾಲ ಹಿಡಿಯುವ ಹೊತ್ತಿಗೆ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಸ್ವಲ್ಪ ಸಮಯದ ನಂತರ ವೈದ್ಯರು 'ಇನ್ನು ಧಾರಾಳವಾಗಿ ನಡೆಯಿರಿ' ಎಂದರು. ಫಿಲಿಪ್ ನಡೆದರು, ಊಟದ ಮೇಜಿನ ಸುತ್ತ. ಗೇಟಿನಿಂದ ಆಚೆ ಕಾಲಿಡಲಿಲ್ಲ. ಇಗರ್ಜಿಗೆ ಹೋಗುವುದನ್ನು ಬಿಟ್ಟು ಭಾನುವಾರದ ಪೂಜೆಯನ್ನು ಟಿವಿಯಲ್ಲಿ ನೋಡಿದರು. ಎದೆಗೆ ಪೆಟ್ಟಾದೀತೆಂದು ಜೋರಾಗಿ ನಗುವುದನ್ನೂ ನಿಲ್ಲಿಸಿದರು. ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕು, ಮಣಿಕಟ್ಟು ಹಿಡಿದು ನಾಡಿ ನೋಡುತ್ತಾ ಕುಳಿತುಬಿಡುತ್ತಿದ್ದರು. ನಂತೂರಿನ ಹೆದ್ದಾರಿ ವೃತ್ತದ ಹತ್ತಿರದ ಮನೆಯಾದ್ದರಿಂದ ನಮಗೆ ಆ ಸದ್ದಿನ ಕೊರತೆಯಿಲ್ಲ. ರಾತ್ರಿ ನಾನು ಮಗ್ಗುಲಾದರೆ, 'ನಾನು ಉಸಿರಾಡ್ತಾ ಇದ್ದೇನಾ ನೋಡು' ಎನ್ನುತ್ತಿದ್ದರು. ಮಾತಾಡುವವರು ಉಸಿರಾಡದೆ ಇರುತ್ತಾರೆಯೇ ಎಂದು ಮೊದಮೊದಲು ಗದರಿದೆ, ಆಮೇಲೆ ನಿಜವಾಗಿಯೇ ನೋಡತೊಡಗಿದೆ.

ನಮ್ಮ ಮಗಳು ಸಿಂಥಿಯಾ ನರ್ಸ್, ಓಟದ ಹುಚ್ಚಿನವಳು. ಅವಳೇ ವೈದ್ಯರನ್ನು ಕೇಳಿ, ನಮ್ಮನ್ನು ಕೇಳದೆ, ಮೂವರ ಹೆಸರನ್ನೂ ತಮ್ಮಲ್ಲಿ ನೋಂದಾಯಿಸಿದಳು. "ಓಡುದು ಬೇಡ ಪಪ್ಪಾ, ನಿಧಾನ ನಡೆದ್ರೂ ಆಗ್ತದೆ. ಎಲ್ಲರ ಹಿಂದೆ ಆಂಬುಲೆನ್ಸ್ ಉಂಟು" ಎಂದಳು. ಸಮಾಧಾನಕ್ಕೆಂದು ಹೇಳಿದ ಆ ಕೊನೆಯ ಮಾತು ಕೇಳಿ ಫಿಲಿಪ್ ಆ ರಾತ್ರಿ ಊಟ ಬಿಟ್ಟರು.

ಭಾನುವಾರ ಬೆಳಿಗ್ಗೆ ಆರಂಭದ ಗೆರೆಯ ಬಳಿ ನಿಂತಿದ್ದಾಗ ಅವರ ಮುಖ ಬಿಳುಚಿತ್ತು. ಸಿಂಥಿಯಾ ಮುಂದಿನ ಸಾಲಿಗೆ ಹೋಗಿದ್ದಳು. "ವಿನ್ನಿ, ಮನೆಗೆ ಹೋಗುವ. ನಂಗೆ ಎಂತದೋ ಆಗ್ತಾ ಉಂಟು" ಎಂದು ನನ್ನ ತೋಳು ಹಿಡಿದರು. ಆಯಿತು ಎಂದು ನಾನು ತಿರುಗಿಯೂ ಆಗಿತ್ತು. ಅದೇ ಹೊತ್ತಿಗೆ ದೇವರು ತಮ್ಮನ್ನು ಕಳಿಸಿದ. ತಾವು ಸೀಟಿ ತಿರುಗಿಸುತ್ತಾ ಬಂದು, ಫಿಲಿಪ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಂಕಲ್, ಇದು ಸೀರಿಯಸ್ ರನ್ನರ್ಸ್ ಲೈನ್ ಮಾರಾಯ್ರೆ. ನಿಮಗೆ ಫ್ಯಾಮಿಲಿ ವಾಕ್ ಉಂಟಲ್ಲ, ಆಚೆ ಬಲೂನ್ ಕೊಡ್ತಾರೆ, ಅಲ್ಲಿ ಹೋಗಿ" ಎಂದಿರಿ.

ಮಾನ್ಯರೇ, ವೈದ್ಯರ ಸಲಹೆ, ಮಗಳ ಮುದ್ದು, ಪಾದ್ರಿಗಳ ಪ್ರಾರ್ಥನೆ, ನನ್ನ ಜಗಳ, ಇವೆಲ್ಲ ಸೇರಿ ತಿಂಗಳುಗಟ್ಟಲೆ ಮಾಡಲಾಗದ್ದನ್ನು ತಮ್ಮ ಬಲೂನು ಒಂದು ಕ್ಷಣದಲ್ಲಿ ಮಾಡಿತು. ಫಿಲಿಪ್ ಅವರ ಕಿವಿ ಕೆಂಪಾಯಿತು. "ಬಲೂನ್ ನೀವೇ ಇಟ್ಕೊಳ್ಳಿ" ಎಂದವರೇ, ತಾವು ಸೀಟಿ ಊದುವ ಮೊದಲೇ ಹೊರಟುಬಿಟ್ಟರು. ಹೀಗಾಗಿ ಓಟದ ಮೊದಲ ಘಟ್ಟದಲ್ಲಿ ಎಲ್ಲರಿಗಿಂತ ಮುಂದಿದ್ದವರು ಫಿಲಿಪ್ ಲೋಬೊ ಎಂಬುದನ್ನು ಸಮಿತಿಯು ದಯವಿಟ್ಟು ದಾಖಲೆಗೆ ತೆಗೆದುಕೊಳ್ಳಬೇಕು. ಆ ಮುನ್ನಡೆ ಮೊದಲ ತಿರುವಿನವರೆಗೂ ಉಳಿಯಲಿಲ್ಲವೆಂಬುದು ಬೇರೆ ವಿಷಯ.

ದಾರಿ ಚೆನ್ನಾಗಿತ್ತು, ಅದನ್ನು ಒಪ್ಪದಿದ್ದರೆ ಸುಳ್ಳಾಗುತ್ತದೆ. ಹೊಳೆಯ ಮೇಲೆ ಮಂಜು ಹಗುರಾಗಿ ಎದ್ದಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಕೈಬೀಸಿದರು. ಇಳಿಯುತ್ತಿದ್ದ ವಿಮಾನವೊಂದು ತಲೆಯ ಮೇಲೇ ಹಾದುಹೋದಾಗ ಫಿಲಿಪ್ ತಲೆಯೆತ್ತಿ, "ದುಬಾಯಿಯದ್ದು" ಎಂದರು. ಎದೆಯ ಮೇಲಿಟ್ಟಿದ್ದ ಕೈಯನ್ನು ತೆಗೆದು ಆಕಾಶಕ್ಕೆ ತೋರಿಸಿದ್ದನ್ನು ನಾನು ಗಮನಿಸಿದೆ. ಒಂದಷ್ಟು ನಡೆದೆವು, ಒಂದಷ್ಟು ಓಡಿದೆವು, ಹೆಚ್ಚಾಗಿ ಎರಡೂ ಅಲ್ಲದ ಏನನ್ನೋ ಮಾಡಿದೆವು. ತಮ್ಮ ನೀರಿನ ಮೇಜಿಗೆ ತಲುಪಿದಾಗ ಅಲ್ಲಿ ಮೇಜು ಮಾತ್ರ ಇತ್ತು. ಬಾಳೆಹಣ್ಣಿನ ಮೇಜಿನಲ್ಲಿ ಸಿಪ್ಪೆಗಳಿದ್ದವು. ಮುಂದೆ ಹೋದವರು ಹಣ್ಣು ತಿಂದಿದ್ದಾರೆ ಎಂಬುದಕ್ಕೆ ಪುರಾವೆಯನ್ನು ಅಷ್ಟು ಜೋಪಾನವಾಗಿ ಉಳಿಸಿದ್ದಕ್ಕೆ ಧನ್ಯವಾದ.

ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಬಾಣದ ಗುರುತಿನ ಹಲಗೆಯನ್ನು ತಾವು ಒಂದೇ ಮೊಳೆ ಹೊಡೆದು ಕಂಬಕ್ಕೆ ತೂಗಿಸಿದ್ದಿರಿ. ಗಾಳಿ ಬಂದ ಕಡೆಗೆ ಮುಖ ಮಾಡುವ ಅಂಥ ಉದಾರ ಬಾಣವನ್ನು ನಾನು ಎಲ್ಲಿಯೂ ಕಂಡಿಲ್ಲ. ನಾವು ತಲುಪಿದಾಗ ಅದು ಎಡಕ್ಕೆ ತೋರಿಸುತ್ತಿತ್ತು, ನಾವು ಎಡಕ್ಕೆ ಹೋದೆವು, ದಾರಿ ನೇರವಾಗಿ ಒಂದು ಮನೆಯ ಅಂಗಳಕ್ಕೆ ಹೋಗಿ ಮುಗಿಯಿತು. ಅಂಗಳದ ತುಂಬ ಒಣಹಾಕಿದ ಭತ್ತ, ಭತ್ತದ ತುಂಬ ಶೂಗಳ ಅಚ್ಚು, ನಡುವೆ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ನಿಂತ ಮನೆಯೊಡತಿ.

"ಇನ್ನೂ ಎಷ್ಟು ಜನ ಉಂಟು ಮಾರಾಯ್ರೆ? ಬೆಳಿಗ್ಗೆಯಿಂದ ಬರುದು, ತುಳಿಯುದು, ಸಾರಿ ಹೇಳುದು, ಓಡುದು! ನನ್ನ ಭತ್ತ ಎಂತ ನಿಮ್ಮ ಗ್ರೌಂಡಾ?" ಎಂದು ಅವರು ಕೇಳಿದ ಪ್ರಶ್ನೆಗೆ ಸಮಿತಿಯ ಪರವಾಗಿ ಉತ್ತರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಫಿಲಿಪ್ "ಅಯ್ಯೋ" ಎಂದು ಎದೆಯ ಎಡಭಾಗವನ್ನು ಹಿಡಿದು ಬಾಗಿದರು.

ಇಲ್ಲಿ ತಮಾಷೆ ಮಾಡಲು ನನಗೆ ಮನಸ್ಸಾಗುತ್ತಿಲ್ಲ. ಮಾತ್ರೆಯ ಪುಟ್ಟ ಚೀಲ ನನ್ನ ಸೊಂಟದಲ್ಲೇ ಇತ್ತು, ಬೆರಳುಗಳಿಗೆ ಅದರ ಜಿಪ್ ಸಿಗಲಿಲ್ಲ. ಹಿಂದೆ ಇರಬೇಕಾಗಿದ್ದ ಆಂಬುಲೆನ್ಸ್ ಸರಿಯಾದ ದಾರಿಯಲ್ಲಿ ಮುಂದೆ ಹೋಗಿಬಿಟ್ಟಿತ್ತು. ಆ ಮನೆಯೊಡತಿ, ಹೆಸರು ಸ್ನೇಹಲತಾ, ಹಿಡಿಸೂಡಿ ಬಿಸಾಡಿ ಓಡಿ ಬಂದರು. ಇಬ್ಬರೂ ಸೇರಿ ಅವರನ್ನು ಜಗಲಿಯ ಮೇಲೆ ಮಲಗಿಸಿದೆವು. "ಎಲ್ಲಿ ನೋಯ್ತಾ ಉಂಟು? ಒಳಗಾ, ಹೊರಗಾ?" ಎಂದು ಸ್ನೇಹಲತಾ ಕೇಳಿದರು. ಫಿಲಿಪ್ ಕಣ್ಣು ಮುಚ್ಚಿಕೊಂಡು ಸ್ವಲ್ಪ ಯೋಚಿಸಿ, "ಹೊರಗೆ" ಎಂದರು.

ಅಂಗಿ ಸರಿಸಿ ನೋಡಿದರೆ, ತಮ್ಮ ನಂಬರಿನ ಕಾಗದವನ್ನು ಎದೆಗೆ ಸಿಕ್ಕಿಸಲು ಕೊಟ್ಟಿದ್ದ ಸೇಫ್ಟಿ ಪಿನ್ನು ಬಾಯಿ ಬಿಟ್ಟು ಅವರ ಚರ್ಮಕ್ಕೆ ಚುಚ್ಚಿ ನಿಂತಿತ್ತು. ಸ್ನೇಹಲತಾ ಅದನ್ನು ಎಳೆದು ತೆಗೆದು ಬೆಳಕಿಗೆ ಹಿಡಿದು, "ಹಾರ್ಟ್ ಅಟ್ಯಾಕ್ ಇಷ್ಟೇ ದೊಡ್ಡದು ಇರುದಾ?" ಎಂದರು. ಫಿಲಿಪ್ ನಗಲು ಶುರು ಮಾಡಿದರು. ಮೊದಲು ಹೊಟ್ಟೆಯೊಳಗೆ, ಆಮೇಲೆ ಭುಜ ಕುಣಿಸುತ್ತಾ, ಕೊನೆಗೆ ಕುವೈತಿನ ಕ್ರೇನಿಗೂ ಕೇಳುವಷ್ಟು ಜೋರಾಗಿ. ಎದೆಗೆ ಏನೂ ಆಗಲಿಲ್ಲ. ಅದು ತಿಳಿದು ಇನ್ನಷ್ಟು ನಕ್ಕರು. ನಾನು ಜಗಲಿಯ ಕಂಬಕ್ಕೆ ಒರಗಿ ಅತ್ತೆ. ಸ್ನೇಹಲತಾ ಯಾರನ್ನು ಮೊದಲು ನೋಡಿಕೊಳ್ಳುವುದೆಂದು ತಿಳಿಯದೆ ಇಬ್ಬರಿಗೂ ಬೆಲ್ಲ, ನೀರು ತಂದಿಟ್ಟರು. ತಮ್ಮ ಇಡೀ ದಾರಿಯಲ್ಲಿ ನಮಗೆ ಸಿಕ್ಕಿದ ನೀರು ಅದೊಂದೇ.

ಮರಳಿ ಸರಿದಾರಿಗೆ ಬಂದಾಗ ನಮ್ಮನ್ನು ಹುಡುಕುತ್ತಾ ಆಂಬುಲೆನ್ಸ್ ಹಿಂದಕ್ಕೆ ಬರುತ್ತಿತ್ತು. ಚಾಲಕ ಅಕ್ಷಿತ್ ಕಿಟಕಿಯಿಂದ ಬಗ್ಗಿ, "ಹತ್ತಿ ಅಂಕಲ್, ಅಲ್ಲಿ ಎಲ್ಲ ಪ್ಯಾಕ್ ಮಾಡ್ತಾ ಇದ್ದಾರೆ" ಎಂದ. ಆ ವಾಹನದ ಸದ್ದಿಗೇ ಹೆದರುತ್ತಿದ್ದ ನನ್ನ ಗಂಡ ಅದರ ಬಾನೆಟ್ಟಿಗೆ ಕೈಯೂರಿ ನಿಂತು, "ನಾನು ಇದರಲ್ಲಿ ಒಮ್ಮೆ ಹೋಗಿ ಆಗಿದೆ. ಇವತ್ತು ನೀನೇ ನನ್ನ ಹಿಂದೆ ಬಾ" ಎಂದರು. ಅಕ್ಷಿತ್ ಬಂದ. ಮೇಲಿನ ಕೆಂಪು ದೀಪ ತಿರುಗಿಸುತ್ತಾ, ಮಂತ್ರಿಗಳ ಬೆಂಗಾವಲಿನ ಹಾಗೆ ಬಂದ.

ಅಂತಿಮ ಗೆರೆಯ ದೃಶ್ಯವನ್ನು ತಾವೇ ಕಂಡಿದ್ದೀರಿ, ಆದರೂ ಫಲಿತಾಂಶ ಬರೆದವರು ಕಂಡಿರಲಿಕ್ಕಿಲ್ಲವೆಂದು ಹೇಳುತ್ತೇನೆ. ಗಾಳಿ ತುಂಬಿದ ತಮ್ಮ ಭವ್ಯ ಕಮಾನು ಗಾಳಿ ಬಿಟ್ಟುಕೊಂಡು ನೆಲಕ್ಕೆ ಬಿದ್ದಿತ್ತು. ಅದನ್ನು ಮಡಚಿ ವ್ಯಾನಿಗೆ ಹಾಕದಂತೆ ಸಿಂಥಿಯಾ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ತಾವು ಕೈಯಲ್ಲಿ ಅರ್ಧ ಬನ್ಸ್ ಹಿಡಿದು, "ಟೈಮ್ ಮುಗಿದಿದೆ ಮೇಡಂ, ರೂಲ್ಸ್ ಉಂಟು, ಏಳಿ" ಎಂದು ಬೇಡಿಕೊಳ್ಳುತ್ತಿದ್ದಿರಿ. "ನನ್ನ ಪಪ್ಪ ಬರ್ಲಿ, ಏಳ್ತೇನೆ" ಎನ್ನುವುದು ಅವಳ ಉತ್ತರವಾಗಿತ್ತು. ನಮ್ಮನ್ನು ಕಂಡದ್ದೇ ಅವಳು ಒಂದು ತುದಿಯನ್ನು, ಗಾಡಿಯಿಂದ ಹಾರಿದ ಅಕ್ಷಿತ್ ಇನ್ನೊಂದು ತುದಿಯನ್ನು ಎತ್ತಿ ಹಿಡಿದರು. ಒದ್ದೆ ಬೆಡ್‌ಶೀಟಿನಂತೆ ಜೋಲುತ್ತಿದ್ದ ಕಮಾನಿನ ಕೆಳಗೆ ನಾವಿಬ್ಬರೂ ಬಗ್ಗಿ, ಕೈಕೈ ಹಿಡಿದು ದಾಟಿದೆವು. ಪದಕದ ಪೆಟ್ಟಿಗೆ ವ್ಯಾನಿಗೆ ಏರಿ ಆಗಿದೆ ಎಂದು ತಾವು ವಿಷಾದಿಸಿದಿರಿ. "ಪರ್ವಾಗಿಲ್ಲ, ಬನ್ಸ್ ಉಂಟಾ?" ಎಂದರು ಫಿಲಿಪ್. ತಾವು ಕೊಟ್ಟದ್ದನ್ನು ಸಿಂಥಿಯಾ ಕಸಿದು ತಾನೇ ತಿಂದಳು, ಎಣ್ಣೆಯಲ್ಲಿ ಕರಿದದ್ದೆಂದು.

ಈಗ ಕುಂದುಕೊರತೆಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಎದ್ದಾಗ ಹಾಸಿಗೆಯಲ್ಲಿ ಫಿಲಿಪ್ ಇರಲಿಲ್ಲ. ಗೇಟು ತೆರೆದಿತ್ತು. ನಾನು ಊರೆಲ್ಲ ಹುಡುಕಿದ ಮೇಲೆ ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದು, ಮೀನಿನವಳೊಂದಿಗೆ ಚರ್ಚೆ ಮಾಡಿ ಗೆದ್ದ ಖುಷಿಯಲ್ಲಿ ಬಂದರು. ಅಂದಿನಿಂದ ಮನೆಯಲ್ಲಿ ನಿಲ್ಲುವುದಿಲ್ಲ. ನಾನು ಅಡುಗೆ ಮಾಡಿ ಕಾಯುತ್ತಾ ಇರಬೇಕು. ರಾತ್ರಿ ಉಸಿರಾಡುತ್ತಿದ್ದಾರೆಯೇ ಎಂದು ನೋಡುವ ಅಗತ್ಯವಿಲ್ಲ, ಗೊರಕೆ ಆಚೆ ಬೀದಿಗೂ ಕೇಳುತ್ತದೆ. ಈ ಎಲ್ಲ ತೊಂದರೆಗೆ ಸಮಿತಿಯೇ ಹೊಣೆ.

ಆದ್ದರಿಂದ ನನ್ನ ವಿನಂತಿಯೇನೆಂದರೆ, ನಮ್ಮಂಥವರಿಗೆ ಏರುದಾರಿಯೆಲ್ಲ ಇಳಿಜಾರಾಗುವಂತೆ ಬಜಪೆಯ ಗುಡ್ಡಕ್ಕೆ ತಾವು ನೋಟಿಸು ಕೊಡಬೇಕು. ಬಾಣಗಳಿಗೆ ಎರಡು ಮೊಳೆ ಕರುಣಿಸಬೇಕು. ತಾವು ಸ್ವತಃ ಸ್ನೇಹಲತಾ ಅವರ ಅಂಗಳಕ್ಕೆ ಹೋಗಿ ಭತ್ತ ಕೇರಿ ಕೊಟ್ಟು ಬರಬೇಕು, ನಾವು ಬುಧವಾರ ಹೋಗಿದ್ದೆವು, ಇನ್ನೂ ಅರ್ಧ ಉಳಿದಿದೆ, ಮೊರ ಅವರಲ್ಲೇ ಇದೆ.

ಇನ್ನೂ ಓಟ ಪೂರ್ಣಗೊಳಿಸದ,
ತಮ್ಮ ವಿಶ್ವಾಸಿ,
ವಿನಿಫ್ರೆಡ್ ಲೋಬೊ

ಮ.ವಿ.: ಈ ಪತ್ರವನ್ನು ಮನೆಯವರಿಗೆ ಓದಿ ಹೇಳುವಾಗ ಒಂದು ಸಂಗತಿ ಹೊಳೆಯಿತು. ಆ ದಿನದಿಂದ ನೆರೆಹೊರೆಯವರೆಲ್ಲ ಬಂದು ಫಿಲಿಪ್ ಅವರ ಕೈಕುಲುಕಿ ಹೋದರು, ಪಾದ್ರಿಗಳು ಶುಕ್ರವಾರದ ಪೂಜೆಯ ಪ್ರಸಂಗದಲ್ಲಿ ಅವರ ಹೆಸರು ಹೇಳಿದರು. ಅದೇ ಹತ್ತು ಕಿಲೋಮೀಟರನ್ನು ನಾನೂ, ಅವರನ್ನು ಎಳೆದುಕೊಂಡು, ಓಡಿದ್ದೇನೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಇಷ್ಟುದ್ದ ಬರೆದ ನನಗೂ. ಮುಂದಿನ ವರ್ಷ ನನ್ನೊಬ್ಬಳ ಹೆಸರನ್ನು ಇಪ್ಪತ್ತೊಂದು ಕಿಲೋಮೀಟರಿಗೆ ಬರೆದುಕೊಳ್ಳಿ. ತಾವೂ ಒಮ್ಮೆ ಓಡಿ ನೋಡಿ. ತಾವು ಬಂದು ಮುಟ್ಟುವವರೆಗೆ ಕಮಾನು ಬಿಚ್ಚದಂತೆ ನಾನು ಅಲ್ಲಿ ನಿಂತು ನೋಡಿಕೊಳ್ಳುತ್ತೇನೆ.