ಒಂದು ಪ್ಯಾಕೆಟ್ ಟಿಕಳಿ ಮತ್ತು ಸಮುದ್ರದ ಸುರಕ್ಷತೆ

ಸಮುದ್ರದಲ್ಲಿ ಹಡಗುಗಳು ಯಾಕೆ ಡಿಕ್ಕಿ ಹೊಡೆಯುತ್ತವೆ ಎಂಬುದು ನನಗೆ ಅರ್ಥವಾಗದ ವಿಷಯವಾಗಿತ್ತು. ಅಷ್ಟೊಂದು ಜಾಗ ಇದೆ. ನಾವಿರುವ ಮೋತಿ ಡೊಂಗರ್ ಗುಡ್ಡದ ಇಕ್ಕಟ್ಟಾದ ಓಣಿಯಲ್ಲಿ ಇಬ್ಬರು ಕೊಡ ಹೊತ್ತು ಎದುರುಬದುರಾದರೂ ನೀರು ಚೆಲ್ಲುವುದಿಲ್ಲ. ಹೀಗಾಗಿ, ಒಂದು ವಾರ, ಎದುರಿಗೆ ಬರುವುದರ ಮೇಲೆ ಕಣ್ಣಿಡುವ ಕಾವಲು ಸರಿಯಾಗಿ ಮಾಡಿದರೆ ಚುಕ್ಕಾಣಿ ನಿನ್ನ ಕೈಗೆ ಎಂದು ಅದಿರು ಸಾಗಿಸುವ ನಮ್ಮ ಬಾರ್ಜಿನ ಕ್ಯಾಪ್ಟನ್ ಹೇಳಿದಾಗ, ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡೆ. ಹತ್ತು ವರ್ಷ ಹಗ್ಗ ಎಳೆದು ಸಾಕಾಗಿತ್ತು. ಚುಕ್ಕಾಣಿ ಹಿಡಿಯುತ್ತಿದ್ದ ದಸ್ತಗೀರ್ ಚಾಚಾ ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟು ತಮ್ಮೂರು ಸಿಂದಗಿಗೆ ಹೊರಡುವವರಿದ್ದರು. ಅವರ ಜಾಗ ನನಗೆ ಬೇಕೇಬೇಕಿತ್ತು. ಹೆಂಡತಿ ರೇಣುಕಾ ನಳದ ಹತ್ತಿರ ನೀರಿಗೆ ಬಂದವರ ಮುಂದೆ ನನ್ನನ್ನು ಆಗಲೇ ಕ್ಯಾಪ್ಟನ್ ಮಾಡಿ ಮುಗಿಸಿದ್ದಳು.

ಕಾವಲಿನ ಗುಟ್ಟನ್ನು ಚಾಚಾ ಹೇಳಿಕೊಟ್ಟರು. "ಬಸು, ಎದುರಿನ ಹಡಗು ಕಿಡಕ್ಯಾಗ ಸರದು ಹೋಗಾಕತ್ತಿದ್ರ ಅಂಜಬ್ಯಾಡ. ಇದ್ದ ಜಾಗಾದಾಗ ಇದ್ದು ದೊಡ್ಡದಾಗಾಕತ್ತಿದ್ರ, ಅದು ನಮಗ ಬಡಿತೈತಿ."

ಇದ್ದ ಜಾಗ ಎಂದರೆ ಯಾವ ಜಾಗ? ಇದು ನೆನಪಿನ ಮೇಲೆ ಬಿಡುವ ವಿಷಯವಲ್ಲ. ಮರುದಿನ ರೇಣುಕಾ ಹಣೆಗೆ ಹಚ್ಚಿಕೊಳ್ಳುವ ಟಿಕಳಿಯ ಪ್ಯಾಕೆಟ್ ಕಿಸೆಯಲ್ಲಿಟ್ಟುಕೊಂಡು ಹೋದೆ. ಕೆಂಪು, ದುಂಡಗಿನವು, ದೊಡ್ಡ ಸೈಜು. ಹಡಗು ಕಂಡ ಕೂಡಲೇ ಚುಕ್ಕಾಣಿ ಕೋಣೆಯ ಕಿಟಕಿಯ ಗಾಜಿನ ಮೇಲೆ ಅದರ ಜಾಗಕ್ಕೆ ಒಂದು ಟಿಕಳಿ. ಎರಡು ನಿಮಿಷದ ನಂತರವೂ ಹಡಗು ಟಿಕಳಿಯ ಹಿಂದೆಯೇ ಇದ್ದರೆ ಗಂಡಾಂತರ. ಇಷ್ಟು ಸರಳ ಉಪಾಯ ಇದುವರೆಗೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮರುಕವಾಯಿತು.

ಸಣ್ಣ ತೊಡಕೊಂದಿತ್ತು. ನಾನು ಕತ್ತು ವಾಲಿಸಿದರೆ ಅಪಾಯ ತಪ್ಪುತ್ತಿತ್ತು. ನೆಟ್ಟಗೆ ಮಾಡಿದರೆ ಮತ್ತೆ ಬರುತ್ತಿತ್ತು. ಆದ್ದರಿಂದ ಅಲುಗದೆ ನಿಂತೆ. ಮೂಗಿನ ಮೇಲೆ ಕೂತ ನೊಣವನ್ನೂ ಸುರಕ್ಷತೆಯ ದೃಷ್ಟಿಯಿಂದ ಓಡಿಸಲಿಲ್ಲ.

ಬಾರ್ಜ್ ಹೊಳೆ ಬಿಟ್ಟು ಸಮುದ್ರದ ಬಾಯಿಗೆ ಬಂದಾಗ ಎಲ್ಲಿ ನೋಡಿದರೂ ಹಡಗು, ಮೀನಿನ ದೋಣಿ, ಟೂರಿಸ್ಟ್ ಬೋಟು. ಯಾರಿಗೂ ಅನ್ಯಾಯ ಮಾಡಲಿಲ್ಲ. ಎಲ್ಲರಿಗೂ ಒಂದೊಂದು ಹಚ್ಚಿದೆ. ಹೋದವರದನ್ನು ಕೀಳಲು ಪುರುಸೊತ್ತಿರಲಿಲ್ಲ. ಪ್ಯಾಕೆಟ್ ಖಾಲಿಯಾಯಿತು. ನನ್ನ ಪರೀಕ್ಷೆ ಎಂದು ನೋಡುವುದನ್ನು ನನಗೇ ಬಿಟ್ಟು ಪಕ್ಕದಲ್ಲಿ ಚುಕ್ಕಾಣಿ ಹಿಡಿದಿದ್ದ ಚಾಚಾ, ಟಿಕಳಿಗಳ ಸಂದಿಯಲ್ಲಿ ಇಣುಕಿ, ಮುಂದೆ ಏನಾದರೂ ಇದೆಯೇ ಎಂದು ಕೇಳಿದರು.

"ಎಲ್ಲಾ ನನ್ನ ಲಕ್ಷ್ಯದಾಗ ಐತ್ರಿ ಚಾಚಾ," ಎಂದೆ.

ಧಡ್!

ಹೊಡೆದದ್ದು ಹಡಗಿಗಲ್ಲ. ದಾರಿ ತೋರಿಸಲೆಂದು ಸರಪಳಿ ಕಟ್ಟಿ ನೀರಿನಲ್ಲಿ ನಿಲ್ಲಿಸಿದ, ಕೆಂಪು ಡ್ರಮ್ಮಿನಂಥ ಬೋಯಾಕ್ಕೆ. ಅದು ಬಹಳ ಹೊತ್ತಿನಿಂದ ನಡುವಿನ ಟಿಕಳಿಯ ಹಿಂದೆ ಇದ್ದ ಜಾಗದಲ್ಲೇ ಇದ್ದು ದೊಡ್ಡದಾಗುತ್ತಿತ್ತು. ಟಿಕಳಿಯ ಸುತ್ತ ಅದರ ಕೆಂಪು ಅಂಚು ನನಗೂ ಕಂಡಿತ್ತು. ಟಿಕಳಿ ಬಿಸಿಲಿಗೆ ಹಿಗ್ಗಿದೆ ಅಂದುಕೊಂಡಿದ್ದೆ.

ಯಾರಿಗೂ ಪೆಟ್ಟಾಗಲಿಲ್ಲ. ಕೆಳಗೆ ಊಟಕ್ಕೆ ಕೂತಿದ್ದ ಕ್ಯಾಪ್ಟನ್ ಮಾತ್ರ ಅಂಗಿಯ ತುಂಬ ಮೀನಿನ ಸಾರಿನೊಂದಿಗೆ ಮೇಲೆ ಬಂದರು. ಗಾಜನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು, ಕೊಂಕಣಿಯಲ್ಲಿ ದೇವರನ್ನಷ್ಟೇ ನೆನೆದರು. ನಾಚಿಕೆಯಿಂದ ನೀರಿಗೆ ಹಾರಬೇಕೆನಿಸಿತು. ಈಜು ಬರುತ್ತಿರಲಿಲ್ಲ.

ಮನೆಯಲ್ಲಿ ರೇಣುಕಾ ಎಲ್ಲವನ್ನೂ ಕೇಳಿಸಿಕೊಂಡಳು. "ಓಡಾಡೋ ಹಡಗ ಎಲ್ಲಾ ಬಿಟ್ಟು, ನಿಂತಿದ್ದಕ್ಕ ಹೋಗಿ ಬಡದ್ರೇನ್ರಿ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನಾಳೆ ನಳದ ಹತ್ತಿರ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದಳು. ಅದು ಮಾತ್ರ ಕರುಳಿಗೆ ತಾಗಿತು.

ಚುಕ್ಕಾಣಿ ಈಗ ಕಾರವಾರದ ಕಡೆಯವನೊಬ್ಬನ ಕೈಯಲ್ಲಿದೆ. ಕ್ಯಾಪ್ಟನ್ ದೊಡ್ಡ ಮನಸ್ಸಿನವರು, ಕಾವಲಿನ ಕೆಲಸವನ್ನು ನನಗೇ ಬಿಟ್ಟಿದ್ದಾರೆ. ಜಾಗ ಮಾತ್ರ ಬದಲಾಗಿದೆ. ಬಾರ್ಜಿನ ಹಿಂತುದಿಯಲ್ಲಿ, ಹಿಂದಕ್ಕೆ ಮುಖ ಮಾಡಿ ನಿಂತು, ನಾವು ಆಗಲೇ ದಾಟಿ ಬಂದದ್ದನ್ನೆಲ್ಲ ಎಚ್ಚರಿಕೆಯಿಂದ ನೋಡುತ್ತಿರುತ್ತೇನೆ. ಇದುವರೆಗೆ ಅದರಲ್ಲಿ ಯಾವುದಕ್ಕೂ ಡಿಕ್ಕಿಯಾಗಿಲ್ಲ.