ನವಿಲಿನ ಕಾಲು ಮಾತ್ರ ಸರಿಯಾಗಿ ಬಂತು

ಯಂತ್ರ ಕೆಟ್ಟು ನಿಂತರೆ ನನಗೆ ಭಯವಿಲ್ಲ. ನೆತ್ತಿಗೊಂದು ಗುದ್ದು ಕೊಟ್ಟು ನೋಡಬಹುದು, ಕೇಳದಿದ್ದರೆ ಮೇಲೊಂದು ಬಟ್ಟೆ ಹೊದಿಸಿ ಸುಮ್ಮನಾಗಬಹುದು. ನಮ್ಮ ಮನೆಯ ರೇಡಿಯೋ ಹೀಗೆ ಬಟ್ಟೆ ಹೊದ್ದುಕೊಂಡೇ ಎಷ್ಟೋ ವರ್ಷ ಗೌರವದಿಂದ ಬಾಳಿತು. ಆದರೆ ಕೆಡದೆ, ಚೆನ್ನಾಗಿಯೇ ಓಡುತ್ತಾ, ನಾವು ಹೇಳದ ಕೆಲಸವೊಂದನ್ನು ಸದ್ದಿಲ್ಲದೆ ಮಾಡಿಬಿಡುವ ಯಂತ್ರ ಇರುತ್ತದಲ್ಲ, ಅದನ್ನು ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಎತ್ತು ದಾರಿಯಲ್ಲಿ ಮಲಗಿದರೆ ಬಾಲ ತಿರುಚಿ ಎಬ್ಬಿಸಬಹುದು. ತೂಕಡಿಸುವ ಯಜಮಾನನನ್ನು ಗಾಡಿ ಸಮೇತ ತನ್ನ ಹಳೇ ಯಜಮಾನನ ಮನೆ ಮುಂದೆ ನಿಲ್ಲಿಸುವ ಎತ್ತಿಗೆ ಏನು ಮಾಡುವುದು? ಅಂಥ ಒಂದು ಎತ್ತನ್ನು ನಾನು ಮೂರು ವರ್ಷ ಸಾಕಿದೆ, ಅಷ್ಟೇ ಅಲ್ಲ, ಊರ ತುಂಬ ಅದರ ಗುಣಗಾನ ಮಾಡಿದೆ.

ಆಗ ನಾನು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ವ್ಯಾಪಾರದ ಅಂಗಡಿಯೊಂದರ ಮಹಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕೆಳಗೆ ಎಣ್ಣೆ ಡಬ್ಬಗಳು, ಮೇಲೆ ನಾಲ್ಕು ಕಂಪ್ಯೂಟರ್‌ಗಳು, ನಡುವೆ ಹಿಂಡಿಯ ವಾಸನೆ. ನಾಲ್ಕರಲ್ಲಿ ಒಂದು ನನ್ನದು. ಅದರ ಪಕ್ಕದಲ್ಲಿದ್ದ ಪ್ರಿಂಟರಿನ ಕರ್ಕಶ ಸದ್ದಿಗೆ ಕೆಳಗಿನವರು ಬೈಯುತ್ತಿದ್ದರಾದ್ದರಿಂದ ಸರ್ಟಿಫಿಕೇಟ್ ಹೊಡೆಯುವ ದಿನ ಮಾತ್ರ ಅದನ್ನು ಎಬ್ಬಿಸುತ್ತಿದ್ದೆವು. ಉಳಿದ ದಿನಗಳಲ್ಲಿ ಅದರ ಮೇಲೆ ನನ್ನ ಬುತ್ತಿಯ ಡಬ್ಬಿ ಕೂತಿರುತ್ತಿತ್ತು.

ನನ್ನ ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು ಒಂದು ಎಡಿಟರ್ ಇತ್ತು. ಅದು ಎಲ್ಲ ಎಡಿಟರುಗಳಂತಲ್ಲ. ಅದಕ್ಕೆ ತನ್ನದೇ ಒಂದು ಭಾಷೆ, ಆ ಭಾಷೆಯ ತುಂಬ ಆವರಣ ಚಿಹ್ನೆಗಳು. ಆ ಭಾಷೆಯಲ್ಲಿ ಏನು ಕಲಿಸಿದರೂ ಕಲಿಯುತ್ತಿತ್ತು. ಬೆಳಿಗ್ಗೆ ತೆರೆದ ಕೂಡಲೇ ಪರದೆಯ ತಳದಲ್ಲಿ 'ನಮಸ್ಕಾರ ಸಾರ್' ಎನ್ನಲು ಕಲಿಸಿದ್ದೆ, ಇಂಗ್ಲಿಷ್ ಅಕ್ಷರದಲ್ಲಿ. ಒಂದು ಕೀಲಿ ಒತ್ತಿದರೆ ನಮ್ಮ ಕೇಂದ್ರದ ವಿಳಾಸ, ಇನ್ನೊಂದು ಒತ್ತಿದರೆ ನನ್ನ ಹೆಸರು, ಹೆಸರಿನ ಹಿಂದೆ ಬಿ.ಎಸ್ಸಿ. ಹೀಗೆ ಮೂರು ವರ್ಷದಲ್ಲಿ ನಾನು ಬರೆದ ಪಾಠವೇ ನಾನೂರು ಸಾಲು ದಾಟಿತ್ತು. ಸ್ವಂತ ಮಗುವೂ ಇಷ್ಟು ಮಾತು ಕೇಳಲಾರದು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಮಗು ಇರಲಿ, ಆಗಿನ್ನೂ ನನಗೆ ಮದುವೆಯೇ ಆಗಿರಲಿಲ್ಲ.

ಮದುವೆ ಗೊತ್ತಾಯಿತು. ಹುಡುಗಿ ಶಾರದ, ಅವಳ ತಂದೆ ನಿವೃತ್ತ ಮೇಷ್ಟ್ರು. ಧಾರೆ ಸೀರೆ ನಮ್ಮ ಕಡೆಯಿಂದ. ಮೊಳಕಾಲ್ಮೂರಿನಲ್ಲಿ ನನ್ನ ಅಕ್ಕ ಇದ್ದಾಳೆ, ಭಾವ ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವವರು. ಸೀರೆಯ ಚಿಂತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವೀಳ್ಯ ಬದಲಿಸುವ ದಿನ ಹತ್ತು ಜನರ ನಡುವೆ ನನ್ನ ಬಾಯಿ ಸುಮ್ಮನಿರಲಿಲ್ಲ. ಸೆರಗಿನಲ್ಲಿ ಬರುವ ನವಿಲನ್ನು ನಾನೇ ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ, ಇಂಥ ಸೀರೆ ಈ ಸೀಮೆಯಲ್ಲೇ ಯಾರೂ ಉಟ್ಟಿರಬಾರದು ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಂಪ್ಯೂಟ್ರು ಸೀರೆ ನೇಯ್ತೈತೇನಪ್ಪ?"

"ನೇಯೋದು ನಮ್ಮ ಭಾವ. ತಪ್ಪಾಗದಂಗೆ ನೋಡ್ಕೊಳ್ಳೋದು ಕಂಪ್ಯೂಟರ್" ಎಂದೆ. ಒಳಗಡೆ ಬಳೆ ಸದ್ದಾಯಿತು. ಶಾರದ ಕೇಳಿಸಿಕೊಂಡಳೆಂದು ನನಗೆ ಪರಮಾನಂದವಾಯಿತು. ಇನ್ನು ಈ ನವಿಲು ಕೆಟ್ಟರೆ ಮಾವನ ಮನೆಯ ಮುಂದೆ ಜೀವಮಾನವಿಡೀ ತಲೆ ಎತ್ತುವಂತಿಲ್ಲ ಎಂಬ ವಿಚಾರ ಆ ಆನಂದದಲ್ಲಿ ಹೊಳೆಯಲಿಲ್ಲ.

ನವಿಲು ಬಿಡಿಸಿದೆ. ಎಡಿಟರಿನಲ್ಲಿ ಚಿತ್ರ ಬರೆಯಲಾಗದು, ಅಕ್ಷರ ಮಾತ್ರ. ಹಾಗಾಗಿ ಜರಿ ಮೇಲೆ ಬರಬೇಕಾದ ಕಡೆ ಒಂದು ಗುಣಾಕಾರ ಚಿಹ್ನೆ, ಬೇಡದ ಕಡೆ ಒಂದು ಚುಕ್ಕೆ. ಒಂದು ಸಾಲೆಂದರೆ ಮಗ್ಗದಲ್ಲಿ ಲಾಳಿಯ ಒಂದು ಓಟ, ಅದಕ್ಕೆ ರಟ್ಟಿನ ಒಂದು ಕಾರ್ಡು. ಕಾರ್ಡಿನಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ದಾರ ಏಳುತ್ತದೆ. ನೇಯುವಾಗ ನವಿಲು ಕಾಲಿನಿಂದ ಹುಟ್ಟುತ್ತದಾದ್ದರಿಂದ ಮೊದಲ ಸಾಲಿಗೆ ಕಾಲು, ಕಡೆಯ ಸಾಲಿಗೆ ಜುಟ್ಟು. ಒಟ್ಟು ನೂರ ನಲವತ್ತನಾಲ್ಕು ಸಾಲು. ಪರದೆಯಲ್ಲಿ ಒಮ್ಮೆಗೆ ಕಾಣುವುದು ಇಪ್ಪತ್ತನಾಲ್ಕು. ತಲೆಕೆಳಗಾದ ಆ ನವಿಲನ್ನು ನೋಡಿ ನನ್ನ ಕಣ್ಣೇ ತಾಗೀತೆಂದು ಹೆದರಿದೆ.

ನೇಕಾರರು ಅಮಾವಾಸ್ಯೆ ದಿನ ಮಗ್ಗ ಮುಟ್ಟುವುದಿಲ್ಲ. ಆ ಅಮಾವಾಸ್ಯೆಗೆ ಭಾವ, ಅಕ್ಕ ಇಬ್ಬರೂ ರಟ್ಟಿನ ಕಟ್ಟು ಹೊತ್ತು ಬಸ್ಸಿನಲ್ಲಿ ಬಂದರು. ಭಾವ ಪರದೆ ನೋಡಿ ಕೂಗುವುದು, ಅಕ್ಕ ಕೇಳಿಸಿಕೊಂಡು ರಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡುವುದು, ಮನೆಗೆ ಹೋಗಿ ತೂತು ಹೊಡೆಯುವುದು. ಅವರ ಮನೆಯಲ್ಲಿ ಹೊಸ ವಿನ್ಯಾಸ ಬಂದಾಗಲೆಲ್ಲ ನಡೆಯುವ ಕ್ರಮ ಇದೇ.

"ಈ ಬಾಣದ ಗುರುತಿನ ಕೀಲಿ ಒಂದ್ಸಲ ಒತ್ತಿದ್ರೆ ಒಂದು ಸಾಲು ಮುಂದಕ್ಕೆ ಹೋಗುತ್ತೆ ಭಾವ. ಅದು ತೋರಿಸಿದ್ದನ್ನ ಓದಿ, ಅಷ್ಟೇ. ಮಧ್ಯ ನೀವು ಬಾಯಿ ಹಾಕಬೇಡಿ. ಇದು ತಪ್ಪು ಮಾಡೋ ಜಾತಿ ಅಲ್ಲ" ಎಂದೆ. ಮೂವತ್ತು ವರ್ಷ ನವಿಲು ನೇಯ್ದ ಮನುಷ್ಯನಿಗೆ ನಾನು ಹೇಳಿದ ಮಾತು ಇದು.

"ಆತಪ್ಪ, ನೀನು ಓದಿದವನು" ಎಂದು ಭಾವ ಕೂತರು. ಗುಣಾಕಾರಕ್ಕೆ ಎತ್ತು, ಚುಕ್ಕೆಗೆ ಬಿಡು, "ಮೂರು ಎತ್ತು, ಐದು ಬಿಡು, ಎರಡು ಎತ್ತು" ಎಂದು ಶುರುವಾಯಿತು. ನಾನು ಲಗ್ನಪತ್ರಿಕೆಯ ಪ್ರೂಫ್ ನೋಡಲು ಪ್ರೆಸ್ಸಿಗೆ ಹೋದೆ. ಸಂಜೆ ಬರುವಷ್ಟರಲ್ಲಿ ಮುಗಿದಿತ್ತು. ಅಕ್ಕ ಕಾರ್ಡು ಎಣಿಸಿದಳು, ಸರಿಯಾಗಿ ನೂರ ನಲವತ್ತನಾಲ್ಕು. ಪರದೆಯ ಗಾಜಿನ ತಳದಲ್ಲಿ ಅಕ್ಕನ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟೊಂದು ಅಂಟಿತ್ತು. ಹೆಂಗಸರು ಕೂತ ಕಡೆ ಬೊಟ್ಟು ಅಂಟುವುದು ಲೋಕರೂಢಿ, ನಾನು ಕೇಳಲಿಲ್ಲ.

ಹತ್ತು ದಿನದ ಮೇಲೆ ಎಣ್ಣೆ ಅಂಗಡಿಯ ಫೋನಿಗೆ ಭಾವನ ಕರೆ ಬಂತು.

"ಲೇ, ನವಿಲು ಒಂಥರಾ ಐತೆ. ಬಂದು ನೋಡಿ ಹೋಗು."

"ಒಂಥರಾ ಅಂದ್ರೆ?"

"ಬಾಯಲ್ಲಿ ಹೇಳಾಕಾಗಲ್ಲ" ಎಂದು ಇಟ್ಟುಬಿಟ್ಟರು.

ಮೊಳಕಾಲ್ಮೂರಿನ ಬಸ್ಸು ತಳಕು, ಹಾನಗಲ್ ದಾಟುವವರೆಗೂ ನಾನು ನಗುತ್ತಲೇ ಇದ್ದೆ. ಹೊಸ ರೀತಿಯ ನವಿಲು, ಹಳಬರಿಗೆ ಒಗ್ಗಿಲ್ಲ ಎಂದುಕೊಂಡೆ. ಮಗ್ಗದ ಮುಂದೆ ಬಗ್ಗಿ ನೋಡಿದೆ ನೋಡಿ, ಗರ ಬಡಿದವನಂತೆ ಹಾಗೇ ನಿಂತುಬಿಟ್ಟೆ. ಸೆರಗಿನ ಅಡ್ಡಕ್ಕೆ, ಅದೇ ಕಾರ್ಡುಗಳಿಂದ ಎದ್ದ ಎಂಟು ನವಿಲು. ಎಂಟಕ್ಕೂ ಕಾಲು ಅದ್ಭುತ. ಉಗುರಿನ ತುದಿಯ ತನಕ ಜೀವ ಇತ್ತು. ತನ್ನ ಕಾಲು ನೋಡಿಕೊಂಡು ನವಿಲು ನಾಚಿಕೊಳ್ಳುತ್ತದೆ ಎನ್ನುತ್ತಾರೆ, ಈ ನವಿಲಿಗೆ ಹೆಮ್ಮೆಪಡಲು ಇದ್ದದ್ದೇ ಕಾಲು. ಅದರ ಮೇಲೆ ಚಚ್ಚೌಕದ ಒಂದು ಪಟ್ಟೆ, ಅದರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ ಹತ್ತು. ನಮ್ಮ ಅಂಗಡಿಯ ಎಣ್ಣೆ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗೆ ಹಕ್ಕಿಯ ಕಾಲು ಇಟ್ಟಂತೆ ಕಾಣುತ್ತಿತ್ತು. ಕುತ್ತಿಗೆ ಎಲ್ಲಿ, ಕಣ್ಣೆಲ್ಲಿ, ಜುಟ್ಟೆಲ್ಲಿ? ಮದುವೆಗೆ ಉಳಿದದ್ದು ಒಂದು ತಿಂಗಳಿಗೂ ಕಮ್ಮಿ.

"ಏಮಿರಾ ಇದಿ?" ಎಂದರು ಭಾವ. ಅವರಿಗೆ ತೀರ ಗಾಬರಿಯಾದರೆ 'ಏನೋ ಇದು' ಎನ್ನುವ ಮಾತೂ ತೆಲುಗಿಗೆ ಇಳಿಯುತ್ತದೆ.

"ನೀವು ಸರಿಯಾಗಿ ಓದಿಲ್ಲ ಭಾವ."

"ನಾನು ಕಾಣಿಸಿದ್ದನ್ನ ಓದೀನಿ. ಒಂದೊಂದು ಗೆರೆ ಹನ್ನೆರಡು ಹನ್ನೆರಡು ಸಲ ಬಂತು. ಕಂಪ್ಯೂಟ್ರು ನವಿಲು ಹಿಂಗೇ ಇರ್ತೈತೇನೋ ಅನ್ಕೊಂಡೆ. ಬಾಯಿ ಹಾಕಬ್ಯಾಡ ಅಂದೋನು ನೀನೇ."

ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಕಾಫಿ ತಂದಿಟ್ಟಳು.

ಮರುದಿನ ಅಮಾವಾಸ್ಯೆಯಲ್ಲ. ಆದರೂ ಭಾವ ಮಗ್ಗಕ್ಕೆ ಕೈಮುಗಿದು, ತಪ್ಪಾಯಿತೆಂದು ಗಲ್ಲ ಬಡಿದುಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಕಡತ ತೆರೆದೆ. ನವಿಲು ಮುಕ್ಕಾಗದೆ ಇತ್ತು, ಒಂದು ಚುಕ್ಕೆಯೂ ಆಚೀಚೆ ಆಗಿರಲಿಲ್ಲ. "ಹೆಂಗೆ ಓದಿದ್ರಿ ತೋರಿಸಿ" ಎಂದೆ. ಭಾವ ಮೊದಲ ಇಪ್ಪತ್ತನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು ಓದಿದರು. ಬೆರಳು ಪರದೆಯ ತಳ ಮುಟ್ಟಿತು. ಅಲ್ಲಿ ಬೊಟ್ಟು.

"ಇಲ್ಲಿಗೆ ಬಂದ್ಮೇಲೆ ನಿಮ್ಮಕ್ಕನ ಬೊಟ್ಟು ಇಸ್ಕೊಂಡು ಅಂಟಿಸಿದೆ. ಮಗ್ಗದಾಗೆ ನಾನು ಕೂತಲ್ಲೇ ಕೂತಿರ್ತೀನಿ, ನೇಯೋ ಗೆರೆ ನನ್ನ ಕಣ್ಣ ಮುಂದೆ ಒಂದೇ ಕಡೆ ಇರ್ತೈತೆ. ನೇಯ್ದದ್ದು ಹೊಟ್ಟೆ ಕಡೆ ಸುತ್ಕೊಂಡು ಹೋಗ್ತೈತೆ. ಇದೂ ಹಂಗೇ ಅಲ್ವಾ? ಬೊಟ್ಟಿನ ಎದುರಿಗೆ ಏನು ಬರ್ತೈತೋ ಅದನ್ನ ಓದಿದೆ."

ಒತ್ತಿದರು. ಒಂದು ಸಾಲು ಮೇಲೇರಬೇಕಾದ ಪುಟ ಹನ್ನೆರಡು ಸಾಲು ಹಾರಿಬಿಟ್ಟಿತು. ಇಪ್ಪತ್ತೈದನೇ ಸಾಲು ಪರದೆಯ ನಡುವಿಗೆ ಹೋಗಿ ಕೂತಿತು, ಬೊಟ್ಟಿನ ಎದುರಿಗೆ ಮೂವತ್ತಾರನೆಯದು ಬಂತು. ಮತ್ತೆ ಒತ್ತಿದರೆ ಮಿನುಗುವ ಗುರುತು ನಡುವಿನಿಂದ ಒಂದೊಂದೇ ಸಾಲು ಇಳಿಯುತ್ತದೆ, ಪುಟ ಅಲುಗುವುದಿಲ್ಲ. ಬೊಟ್ಟಿನ ಎದುರಿಗೆ ಅದೇ ಮೂವತ್ತಾರು, ಹನ್ನೆರಡು ಸಲ. ಆಮೇಲೆ ಮತ್ತೊಂದು ಜಿಗಿತ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನನ್ನ ಎಡಿಟರ್, ನನಗೆ ದಿನಾ ನಮಸ್ಕಾರ ಹೇಳುವ ಎಡಿಟರ್, ನನ್ನ ಕಣ್ಣೆದುರಿಗೇ ಹಾರಿತ್ತು.

"ಇದಕ್ಕೆ ಏನೋ ಆಗಿದೆ ಭಾವ. ಯಾವತ್ತೂ ಹಿಂಗೆ ಮಾಡಿದ್ದಿಲ್ಲ."

"ಮೊನ್ನೇನೂ ಹಿಂಗೇ ಮಾಡ್ತು" ಎಂದರು ಭಾವ.

ಎರಡು ದಿನ ನಾನು ಅನ್ನ ನೀರು ಮರೆತೆ. ಕೀಲಿ ಸಿಕ್ಕಿಕೊಂಡಿದೆ ಎಂದು ಕೀಲಿಮಣೆಯನ್ನು ಬೋರಲು ಹಾಕಿ ಬಡಿದೆ. ಮಂಡಕ್ಕಿ ಬಿತ್ತು, ಎರಡು ಶೇಂಗಾ ಬೀಜ ಬಿತ್ತು, ಜಿಗಿತ ನಿಲ್ಲಲಿಲ್ಲ. ವೈರಸ್ ಇರಬೇಕೆಂದು ಫ್ಲಾಪಿ ಹಾಕಿ ಹುಡುಕಿಸಿದೆ. ವೋಲ್ಟೇಜಿನ ತಪ್ಪೆಂದು ವಿದ್ಯುತ್ ಇಲಾಖೆಯನ್ನು ಬೈದೆ. ಕಡೆಗೆ ನಾನೇ ಕಲಿಸಿದ ಯಾವುದೋ ಪಾಠ ತಿರುಗಿಬಿದ್ದಿರಬೇಕೆಂದು ಅನುಮಾನ ಬಂತು. ನಾನೂರು ಸಾಲುಗಳನ್ನು ಒಂದೊಂದಾಗಿ ಅಳಿಸುತ್ತಾ ಬಂದೆ. ವಿಳಾಸ ಹೋಯಿತು, ಬಿ.ಎಸ್ಸಿ. ಹೋಯಿತು, ಕೊನೆಗೆ 'ನಮಸ್ಕಾರ ಸಾರ್' ಎನ್ನುವುದನ್ನೂ ಅಳಿಸಿದೆ. ಕಲಿಸಿದ್ದೆಲ್ಲ ಮರೆತು ಬೋಳಾಗಿ ನಿಂತ ಎಡಿಟರ್ ಆಗಲೂ ಹನ್ನೆರಡು ಸಾಲು ಹಾರಿತು.

ಆಗ ಬೀರುವಿನಿಂದ ಅದರ ದಪ್ಪ ಪುಸ್ತಕ ತೆಗೆದೆ. ಮೂರು ವರ್ಷದಲ್ಲಿ ಆ ಪುಸ್ತಕದ ಉಪಯೋಗವಾದದ್ದು ಕಿಟಕಿ ಬಡಿಯದಂತೆ ಒತ್ತಿಡಲು ಮಾತ್ರ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮಿನುಗುವ ಗುರುತು ತಳ ದಾಟಿದರೆ ಆ ಸಾಲನ್ನು ಪರದೆಯ ನಡುವಿಗೆ ತರುವುದು ಈ ಎಡಿಟರಿನ ಸ್ವಭಾವ, ಓದುವವರಿಗೆ ಮುಂದಿನದೂ ಕಾಣಲಿ ಎಂಬ ಅನುಕೂಲಕ್ಕಾಗಿ. ನಾನು ಅದೇ ಸಾಲನ್ನು ನಾಲ್ಕು ಸಲ ಓದಿದೆ. ರೋಗವಲ್ಲ, ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಾನು ನೋಡಿದರೆ ನಾನೂರು ಸಾಲು ಸುಟ್ಟಿದ್ದೆ. ಮೂರು ವರ್ಷ ದಿನವೂ ಅದು ನನ್ನ ಮೂಗಿನ ಮುಂದೆ ನೂರು ಸಲ ಹಾರಿತ್ತು. ನನ್ನ ಕಣ್ಣು ಗುರುತಿನ ಹಿಂದೆ ಹೋಗುತ್ತಿದ್ದುದರಿಂದ ಪುಟ ಹಾರಿದ್ದು ನನಗೆ ಕಂಡೇ ಇಲ್ಲ. ಒಂದೇ ಕಡೆ ಕಣ್ಣು ನೆಟ್ಟು ಕೂರಬಲ್ಲ ಭಾವನಿಗೆ ಒಂದೇ ದಿನದಲ್ಲಿ ಕಂಡಿತು. ಆ ಕ್ಷಣ ನನಗಾದ ಆಘಾತ ಎಂಟು ನವಿಲು ನೋಡಿದಾಗಲೂ ಆಗಿರಲಿಲ್ಲ.

ಪರಿಹಾರ ಒಂದೇ ಸಾಲು. 'ಒಂದೊಂದೇ ಸಾಲು ಮುಂದೆ ಸರಿ' ಎಂದು ಅದರ ಭಾಷೆಯಲ್ಲಿ ಬರೆದೆ. ಪುಟ ಬೆಕ್ಕಿನ ಹಾಗೆ ಮೆಲ್ಲಗೆ ಮೇಲೇರತೊಡಗಿತು. ಭಾವ ಬೊಟ್ಟಿನ ಎದುರು ಕೂತು ನೂರ ನಲವತ್ತನಾಲ್ಕನ್ನೂ ಓದಿದರು. ಅಕ್ಕ ಬಂದಿರಲಿಲ್ಲ, ಗುರುತು ಮಾಡಿದವನು ನಾನೇ. ಬಾಯಿ ಹಾಕಲಿಲ್ಲ.

ನೇಯ್ದ ರೇಷ್ಮೆ ಬಿಚ್ಚಲು ಬರುವುದಿಲ್ಲ. ಮಗ್ಗದ ಹಾಸಿನ ದಾರವನ್ನು ಒಂದಿಷ್ಟು ಖಾಲಿ ಬಿಟ್ಟು ಭಾವ ಹೊಸದಾಗಿ ಸೆರಗು ಹಿಡಿದರು. ಮದುವೆಗೆ ನಾಲ್ಕು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಧಾರೆಯ ದಿನ ಮೇಷ್ಟ್ರು ಸೆರಗನ್ನು ಕನ್ನಡಕದ ಹತ್ತಿರ ಹಿಡಿದು, "ಕುತ್ತಿಗೆ ಏನು ಬಾಗೈತಪ್ಪ, ಕಂಪ್ಯೂಟ್ರು ಅಂದ್ರೆ ಕಂಪ್ಯೂಟ್ರು" ಎಂದರು. ಭಾವ ನನ್ನ ಮುಖ ನೋಡಿದರು. ನಾನು ಬಾಸಿಂಗ ಸರಿಮಾಡಿಕೊಂಡೆ. ಕತ್ತರಿಸಿದ ಆ ಡಬ್ಬದ ನವಿಲಿನ ತುಂಡನ್ನು ಅಕ್ಕ ಅಂಚು ಹೊಲಿದು ನನಗೇ ಉಡುಗೊರೆ ಕೊಟ್ಟಳು. "ಆಫೀಸಿನಾಗೆ ಇಟ್ಕ. ದಿನಾ ನೋಡು" ಎಂದಳು. ಅಳತೆ ಸರಿಹೋಯಿತೆಂದು ಪ್ರಿಂಟರಿಗೆ ಹೊದಿಸಿದೆ.

ಆ ವರ್ಷದ ಆಯುಧಪೂಜೆಗೆ ಶಾರದ ಮೊದಲ ಸಲ ಕೇಂದ್ರಕ್ಕೆ ಬಂದಳು. ಅದೇ ಸೀರೆ ಉಟ್ಟಿದ್ದಳು. ಕುಂಕುಮದ ಬಟ್ಟಲು ಹಿಡಿದು ಒಂದೊಂದೇ ಕಂಪ್ಯೂಟರಿಗೆ ಬೊಟ್ಟಿಡುತ್ತಾ ಬಂದವಳು ನನ್ನದರ ಮುಂದೆ ನಿಂತು, "ಇದಕ್ಕೆ ಆಗಲೇ ಐತಲ್ಲ" ಎಂದಳು. ಆಮೇಲೆ ಪಕ್ಕದ ರೇಷ್ಮೆ ಹೊದಿಕೆ ಎತ್ತಿದಳು.

"ಇದೇನ್ರಿ ಮಿಷಿನ್ನು?"

ನನ್ನ ಮೇಷ್ಟರಗಿರಿ ಜಾಗೃತವಾಯಿತು. "ಪ್ರಿಂಟರು ಕಣೆ. ಪರದೆ ಮೇಲೆ ಓದೋದು ಕಷ್ಟ ಆದ್ರೆ ಇದಕ್ಕೆ ಹೇಳಿದ್ರೆ ಸಾಕು. ಎಷ್ಟು ಸಾಲಿದ್ರೂ, ಒಂದೂ ಬಿಡದಂಗೆ, ಮೇಲಿಂದ ಕೆಳಗಿನ ತನಕ ಒಂದೇ ಉದ್ದನೆ ಹಾಳೇಲಿ..."

ಹೇಳುತ್ತಿದ್ದಂತೆಯೇ ನನಗೆ ಆ ನೂರ ನಲವತ್ತನಾಲ್ಕು ಸಾಲು ನೆನಪಾಯಿತು. ಶಾರದ ಕೈಯಲ್ಲಿದ್ದ ಎಂಟು ಡಬ್ಬದ ನವಿಲುಗಳನ್ನು ನೋಡಿದಳು, ತನ್ನ ಸೆರಗು ನೋಡಿಕೊಂಡಳು, ನನ್ನನ್ನು ನೋಡಿದಳು. ಪ್ರಿಂಟರಿಗೆ ಒಂದು ಬೊಟ್ಟಿಟ್ಟಳು, ತಿರುಗಿ ನನ್ನ ಹಣೆಗೂ ಒಂದಿಟ್ಟಳು. ಆಯುಧಪೂಜೆಯ ದಿನ ಉಪಯೋಗಕ್ಕೆ ಬಾರದ ಸಾಮಾನಿಗೂ ಬೊಟ್ಟಿಡುವುದು ನಮ್ಮ ಕಡೆಯ ಪದ್ಧತಿ.