ಹದಿನೇಳು ಭಾನುವಾರದ ಫ್ಲಶ್

ವರ್ಷಕ್ಕೆ ಇನ್ನೂರು ಇಂಚು ಮಳೆ ಸುರಿಯುವ ದೇವರಮನೆ ಕಡೆಯ ಹೊನ್ನೆಬೈಲು ಎಸ್ಟೇಟಿಗೆ ನೀರು ಮಾಡುವ ಮಷಿನ್ ಬಂದದ್ದೇ ಚನ್ನಕೇಶವನ ಗ್ರಹಚಾರಕ್ಕೆ ಮೂಲ.

ಮಷಿನ್ ಎಸ್ಟೇಟಿನದಲ್ಲ. ಸಾಹುಕಾರ್ರು ಕೃಷ್ಣಪ್ಪನವರ ಭಾಮೈದ ಕ್ಯಾಪ್ಟನ್ ಶಂಕರ್ ಅವರದ್ದು. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ನಿವೃತ್ತರಾದ ಈ ಮನುಷ್ಯನಿಗೆ ನೆಲದ ಮೇಲೆ ಎರಡು ತಿಂಗಳು ನಿದ್ದೆ ಬರಲಿಲ್ಲವಂತೆ. ಹಾಸಿಗೆ, ಸ್ಟೌವು, ಕಕ್ಕಸು ಎಲ್ಲ ಇರುವ ಒಂದು ಹಾಯಿದೋಣಿ ಕೊಂಡು ಮಂಗಳೂರಿನಲ್ಲಿ ಇಟ್ಟುಕೊಂಡಿದ್ದರು. ಸಮುದ್ರದ ನೀರನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಯಿಂದ ಸಿಹಿನೀರು ಬಿಡುವ ಮಷಿನ್ ಆ ದೋಣಿಯದ್ದು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ. ಹಾಗಾಗಿ ತೊಂಬತ್ತೊಂಬತ್ತರ ಜೂನ್ ಮೊದಲ ವಾರ ಅದನ್ನು ಬಿಚ್ಚಿ, ಕಾರಿಗೆ ಹಾಕಿ, ಚಾರ್ಮಾಡಿ ಘಾಟಿ ಹತ್ತಿಸಿ ಭಾವನ ಎಸ್ಟೇಟಿನ ಬಂಗಲೆಗೆ ತಂದಿಟ್ಟರು.

"ಪ್ರತಿ ಭಾನುವಾರ ಐದು ನಿಮಿಷ ಒಳ್ಳೆ ನೀರಲ್ಲಿ ಫ್ಲಶ್ ಮಾಡ್ಬೇಕು," ಅಂತ ಎಸ್ಟೇಟ್ ನೋಡಿಕೊಳ್ಳುತ್ತಿದ್ದ ಚನ್ನಕೇಶವನಿಗೆ ಹೇಳಿದರು. "ಒಂದು ವಾರ ಬಿಟ್ರೂ ಹಾಳಾಗತ್ತೆ. ಮಾಡಿದ ದಿನ ಈ ಚಾರ್ಟಲ್ಲಿ ಟಿಕ್ ಹಾಕಿ."

ಹೊರಡುವಾಗ ಟವೆಲಿನಲ್ಲಿ ಸುತ್ತಿದ ಉದ್ದನೆಯದೊಂದನ್ನು ಹಿಂದಿನ ಸೀಟಿನಲ್ಲಿ ಮಲಗಿಸುವಂತೆ ಕ್ಯಾಪ್ಟನ್ ಹೇಳಿದರು. ಗಾಳದ ಕೋಲಿರಬೇಕೆಂದುಕೊಂಡು ಚನ್ನಕೇಶವ ಅದನ್ನು ಮಲಗಿಸಿದ. ಮಷಿನ್ನಿನ ಉದ್ದ ಕೊಳವೆಯ ಮುಚ್ಚಳಕ್ಕೆ ಬಿಚ್ಚಬಾರದೆಂದು ಕೆಂಪು ಚೀಟಿ ಅಂಟಿಸಿದ್ದರು.

ಮೊದಲೆರಡು ಭಾನುವಾರ ಅವನು ಫ್ಲಶ್ ಮಾಡಿದ್ದು ನಿಜ. ಮೂರನೆಯ ಭಾನುವಾರ ಜಡಿಮಳೆ. ಸುತ್ತ ಎಲ್ಲಿ ನೋಡಿದರೂ ನೀರು, ಬಚ್ಚಲ ಹಂಡೆಯ ಮೇಲೆ ಹರಡಿದ ಕಂಬಳಿ ಕೂಡ ಒಣಗುತ್ತಿಲ್ಲ. ಇಂಥದರಲ್ಲಿ ಮಷಿನ್ ಒಣಗಬಾರದೆಂದು ಅದಕ್ಕೂ ನೀರು ಕುಡಿಸುವುದು ಅವನಿಗೆ ಬುದ್ಧಿಗೇಡಿತನವೆನಿಸಿತು. ಮುಂದಿನ ವಾರ ನೋಡಿದರಾಯಿತು ಅಂದುಕೊಂಡ. ಹಾಗೆ ಅಂದುಕೊಂಡು ಹದಿನೈದು ಭಾನುವಾರ ಕಳೆದವು.

ಅಕ್ಟೋಬರ್ ಮೊದಲ ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಸಾಹುಕಾರ್ರ ಫೋನು ಬಂತು.

"ಚನ್ನಕೇಶವ್ರೇ, ಸಾಯಂಕಾಲ ನಾಲ್ಕಕ್ಕೆ ಶಂಕರನ್ನ ಕರ್ಕೊಂಡು ಬರ್ತೀನಿ. ಕ್ಲಬ್ಬಿನೋರು ಏಳೆಂಟು ಜನ ಮಷಿನ್ ನೋಡ್ಬೇಕು ಅಂತಿದಾರೆ. ಒಂದು ಡ್ರಮ್ ಉಪ್ಪುನೀರು ಮಾಡಿಟ್ಟಿರಿ. ಫ್ಲಶ್ ಎಲ್ಲ ಆಗಿದೆ ತಾನೆ?"

"ಆಗಿದೆ ಸಾರ್."

"ಒಳ್ಳೇದು. ಮಷಿನ್ ಸರಿಯಾಗಿದೆ ಅಂತ ಅವನು ಒಂದು ಮಾತು ಹೇಳ್ಲಿ. ಆ ಆಕ್ಟಿಂಗ್ ಅನ್ನೋದನ್ನ ಇವತ್ತೇ ತೆಗ್ದು ಹಾಕಣ."

ಈ ಕೊನೆಯ ಮಾತಿನ ಬೆಲೆ ಚನ್ನಕೇಶವನಿಗೇ ಗೊತ್ತು. ಹನ್ನೆರಡು ವರ್ಷ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದು, ಹಳೆಯ ಮ್ಯಾನೇಜರ್ ತೀರಿಕೊಂಡ ಮೇಲೆ ಅವನು ಆಕ್ಟಿಂಗ್ ಮ್ಯಾನೇಜರ್ ಆಗಿದ್ದ. ಹಂಗಾಮಿ ಎಂದರೆ ಆರು ತಿಂಗಳಿರಬೇಕು, ಅವನದು ಒಂಬತ್ತು ವರ್ಷವಾಗಿತ್ತು. ಆಳುಗಳು ಈಗಲೂ 'ರೈಟ್ರು' ಎಂದೇ ಕರೆಯುತ್ತಿದ್ದರು. ಮಗಳು ಮೇಘಶ್ರೀಯ ಮದುವೆ ನಿಶ್ಚಯವಾಗಿ, ಲಗ್ನಪತ್ರಿಕೆ ಸೋಮವಾರ ಮೂಡಿಗೆರೆಯ ಪ್ರೆಸ್ಸಿನಲ್ಲಿ ಅಚ್ಚಾಗಬೇಕಿತ್ತು. "ಬೀಗರ ಎದ್ರಿಗೆ ನಿಮ್ಮ ಹೆಸ್ರ ಕೆಳಗೆ ಆಕ್ಟಿಂಗ್ ಅಂತ ಹಾಕ್ಸಿದ್ರೆ ನಾನು ಧಾರೆಗೆ ನಿಲ್ಲಲ್ಲ," ಎಂದು ಹೆಂಡತಿ ಶಿವಗಂಗಮ್ಮ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಮಾಡುವ ಪೈಕಿ.

ಫೋನಿಟ್ಟವನೇ ಮೊದಲು ಚಾರ್ಟ್ ತೆಗೆದ. ಆಳುಗಳ ಹಾಜರಿ ಹಾಕಿ ಪಳಗಿದ ಕೈ ಅದು. ನೀಲಿ, ಕಪ್ಪು ಎರಡು ಪೆನ್ನಿನಲ್ಲಿ, ಕೆಲವು ಸೊಟ್ಟಗೆ ಕೆಲವು ನೆಟ್ಟಗೆ, ನೋಡಿದವರು ನಂಬುವಂತೆ ಟಿಕ್ ಹಾಕುತ್ತ ಹೋದ. ಕೈ ಓಡಿದ ರಭಸಕ್ಕೆ ಇನ್ನೂ ಬಾರದ ಎರಡು ಭಾನುವಾರಗಳಿಗೂ ಟಿಕ್ ಬಿತ್ತು. ಅದು ಅವನ ಗಮನಕ್ಕೆ ಬರಲಿಲ್ಲ.

ಆಮೇಲೆ ಮೂಡಿಗೆರೆಯ ರಜಬ್ ಅಲಿಗೆ ಹೇಳಿಕಳಿಸಿದ. ಜೀಪು, ಕಾಫಿ ಹಣ್ಣು ಸುಲಿಯುವ ಪಲ್ಪರ್, ಪಂಪ್‌ಸೆಟ್ಟು ಯಾವುದನ್ನಾದರೂ ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ಹತ್ತೂವರೆಗೆ ಬಂದ, ಮಷಿನ್ನಿನ ಸುತ್ತ ಎರಡು ಸುತ್ತು ಹಾಕಿದ, ಜೀಪಿನ ಬ್ಯಾಟರಿ ತಂದು ವೈರು ಕೊಟ್ಟ.

"ಚಾಲೂ ಮಾಡಿ ನೋಡಣ ರೈಟ್ರೇ. ಉಪ್ಪುನೀರೆಲ್ಲಿ?"

ದನಗಳಿಗೆಂದು ತರಿಸಿದ್ದ ಉಪ್ಪಿನ ಮೂಟೆ ಮಳೆಗಾಲದ ಥಂಡಿಗೆ ಅರ್ಧ ಕರಗಿ ಅರ್ಧ ಕಲ್ಲಾಗಿತ್ತು. ಗುದ್ದಲಿಯಲ್ಲಿ ಹೊಡೆದರೂ ಜಗ್ಗಲಿಲ್ಲ. ಆಗ ಬಂಗಲೆಯ ಅಡುಗೆಯ ಪಾಪಮ್ಮ ಬಾಗಿಲಲ್ಲಿ ನಿಂತು, "ಉಪ್ಪುನೀರಿಗ್ಯಾಕೆ ಅಷ್ಟು ಒದ್ದಾಡ್ತೀರಿ? ನನ್ನ ಸೊಳೆ ಪೀಪಾಯಲ್ಲಿ ಇಲ್ವಾ?" ಅಂದಳು. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ವರ್ಷವಿಡೀ ಪಲ್ಯ ಮಾಡಿ ಬಡಿಸುವುದು ಅವಳ ಪದ್ಧತಿ. ಪೀಪಾಯಿಯ ಮುಚ್ಚಳ ತೆಗೆದಾಗ ವಾಸನೆಗೆ ಹಟ್ಟಿಯ ನಾಯಿ ಎದ್ದು ಆಚೆ ಹೋಯಿತು.

"ಸಮುದ್ರದ ನೀರು ಇಷ್ಟೇ ಉಪ್ಪಿರತ್ತಾ?" ಚನ್ನಕೇಶವ ಕೇಳಿದ.

ಮೂವರಲ್ಲಿ ಸಮುದ್ರ ಕಂಡವನು ರಜಬ್ ಅಲಿ ಒಬ್ಬನೇ. ಅವನು ಬೆರಳದ್ದಿ ನೆಕ್ಕಿದ. "ಉಳ್ಳಾಲದ ಉರೂಸಿಗೆ ಹೋದಾಗ ಒಂದು ಗುಟುಕು ಬಾಯಿಗೆ ಹೋಗಿತ್ತು. ಪಾಪಮ್ಮನ ಸಾರಿಗಿಂತ ಸ್ವಲ್ಪ ಕಮ್ಮಿನೇ ಇತ್ತು."

ಪಾಪಮ್ಮ ಅವನಿಗೆ ಆಮೇಲೆ ಕಾಫಿ ಕೊಡಲಿಲ್ಲ.

ನಾಲ್ಕು ಕೊಡ ಸೊಳೆನೀರಿಗೆ ಒಳ್ಳೆ ನೀರು ಬೆರೆಸಿ ಡ್ರಮ್ ತುಂಬಿದರು. ಸ್ವಿಚ್ ಒತ್ತಿದರೆ ಮಷಿನ್ ಎರಡು ಸಲ ಕೆಮ್ಮಿ ನಿಂತಿತು. ಹಲಸಿನ ನಾರು ಜಾಲರಿಗೆ ಸಿಕ್ಕಿಕೊಂಡಿತ್ತು. ಅದನ್ನು ತೊಳೆದು, ನೀರನ್ನು ಪಂಚೆಯಲ್ಲಿ ಸೋಸಿ, ಮತ್ತೆ ಒತ್ತಿದಾಗ ಓಡಿತು. ಸಿಹಿನೀರು ಬರಬೇಕಾದ ಸಣ್ಣ ಪೈಪಿನಿಂದ ಧಾರಾಳವಾಗಿ ನೀರು ಬಂತು. ಪಾಪಮ್ಮ ಲೋಟ ಹಿಡಿದು ರುಚಿ ನೋಡಿದಳು.

"ಹಾಕಿದ್ದೇ ಬರ್ತಿದೆ. ಪಲ್ಯಕ್ಕಾದ್ರೆ ಹದವಾಗಿದೆ."

ರಜಬ್ ಅಲಿ ಪ್ರೆಷರ್ ಮೀಟರು ನೋಡಿ ತಲೆ ಕೆರೆದುಕೊಂಡ. "ಮುಳ್ಳು ಮೇಲೇ ಏಳ್ತಿಲ್ಲ ಮಾರಾಯ್ರೆ. ಈ ಕೊಳವೆ ಬಿಚ್ಚಿ ಒಳಗೆ ಎಂತ ಆಗಿದೆ ನೋಡ್ತೀನಿ."

"ಮುಟ್ಬೇಡ," ಚನ್ನಕೇಶವ ಕೈ ಹಿಡಿದ. "ಬಿಚ್ಬಾರ್ದು ಅಂತ ಬರ್ದಿದೆ. ಅದೊಂದಾದ್ರೂ ಅವರು ಹೇಳಿದ ಹಂಗೆ ಇರ್ಲಿ."

ಅವನಿಗೆ ಕಾರಣ ಸ್ಪಷ್ಟವಿತ್ತು. ಫ್ಲಶ್ ಮಾಡಲಿಲ್ಲ, ಮಷಿನ್ ಸತ್ತಿತು. ಜಗಲಿಯ ಮೇಲೆ ಕುಸಿದು ಕೂತ. ಲಗ್ನಪತ್ರಿಕೆಯ ಮೇಲೆ ಆಕ್ಟಿಂಗ್ ಎಂಬ ಮೂರಕ್ಷರ ದಪ್ಪಗೆ ಅಚ್ಚಾಗಿ ಕಣ್ಮುಂದೆ ಬಂತು. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ದಾರಿ ತೋರಿಸಿದವಳು ಮತ್ತೆ ಪಾಪಮ್ಮನೇ. "ನೆಂಟ್ರಿಗೆ ಬೇಕಾಗಿರೋದು ಒಳ್ಳೆ ನೀರು ತಾನೆ? ನಮ್ಮ ಅಬ್ಬಿ ನೀರಿಗಿಂತ ಒಳ್ಳೇದು ಬೇಕಾ?"

ಗುಡ್ಡದಿಂದ ತಾನಾಗಿ ಇಳಿದು ಅಡುಗೆಮನೆಯ ಟ್ಯಾಂಕಿಗೆ ಬೀಳುವ ಅಬ್ಬಿ ನೀರು ನಿಜಕ್ಕೂ ಅಮೃತದಂತಿತ್ತು. ರಜಬ್ ಅಲಿ ಮಷಿನ್ನಿನ ಉಪ್ಪುನೀರು ಡ್ರಮ್ಮಿಗೇ ವಾಪಸ್ ಹೋಗುವಂತೆ ಮಾಡಿ, ಗೋಡೆಯ ಹಿಂದಿನಿಂದ ಒಂದು ಪೈಪು ಎಳೆದು ಮಷಿನ್ನಿನ ಸಣ್ಣ ಪೈಪಿನ ಬಾಯಿಗೆ ಗುಟ್ಟಾಗಿ ಸೇರಿಸಿದ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಇಲ್ಲಿ ನೀರು ಬಂತು. ಆದರೆ ಆಕಾಶದ ಬಣ್ಣದ್ದು ಬಂತು. ಅವನು ಎಳೆದದ್ದು ಕಾಫಿ ಗಿಡಕ್ಕೆ ಮೈಲುತುತ್ತ ಹೊಡೆಯುವ ಪೈಪಾಗಿತ್ತು. ಅದನ್ನು ಕಿತ್ತೆಸೆದು ಗೋಡೌನಿನಿಂದ ಹೊಸ ಪೈಪು ತಂದರು. ಚನ್ನಕೇಶವನಿಗೆ ಹೊಸದರ ಮೇಲೂ ನಂಬಿಕೆಯಿರಲಿಲ್ಲ. ಮುಕ್ಕಾಲು ಗಂಟೆ ಅದರಲ್ಲಿ ನೀರು ಬಿಟ್ಟು ತೊಳೆಸಿದ. ಜೂನ್‌ನಿಂದ ಈಚೆಗೆ ಆ ಬಂಗಲೆಯಲ್ಲಿ ಶ್ರದ್ಧೆಯಿಂದ ನಡೆದ ಫ್ಲಶ್ ಅದೊಂದೇ.

"ನಾನು ಕೆಮ್ಮಿದ ಕೂಡ್ಲೆ ನಲ್ಲಿ ಬಿಡು," ಅಂತ ಪಾಪಮ್ಮನಿಗೆ ಹೇಳಿಕೊಟ್ಟ.

ನಾಲ್ಕು ಗಂಟೆಗೆ ಮೂರು ಜೀಪು ಬಂದವು. ಗುಡ್ಡದ ದಾರಿಯ ತಿರುವುಗಳಿಗೆ ಹೊಟ್ಟೆ ತೊಳಸಿ ಕ್ಯಾಪ್ಟನ್ ನೇರ ಬಚ್ಚಲಿಗೆ ಹೋದರು. ಸಮುದ್ರದಲ್ಲಿ ಏನೂ ಆಗದವರಿಗೆ ಜೀಪಿನಲ್ಲಿ ಹೀಗಾಗುತ್ತದೆಯೆಂದು ಕ್ಲಬ್ಬಿನವರು ಸಂತಾಪ ಸೂಚಿಸಿದರು.

"ಅವನು ಬರ್ಲಿ, ಅಷ್ಟರಲ್ಲಿ ನೀವು ಶುರು ಮಾಡಿ ಚನ್ನಕೇಶವ್ರೇ," ಸಾಹುಕಾರ್ರಿಗೆ ತಡೆಯಲಾಗಲಿಲ್ಲ.

"ಕ್ಯಾಪ್ಟನ್ ಬರ್ಲಿ ಸಾರ್."

"ನೀವು ತಾನೆ ನಾಲ್ಕು ತಿಂಗಳು ನೋಡ್ಕೊಂಡಿದ್ದು? ನೀವೇ ಮಾಡಿ."

ರಜಬ್ ಅಲಿ ಸ್ವಿಚ್ಚಿನ ಹತ್ತಿರ ಹೋಗುವ ಮೊದಲೇ ಕ್ಲಬ್ಬಿನ ಸೆಕ್ರೆಟರಿಗೆ ಸಿಗರೇಟಿನ ಕೆಮ್ಮು ಬಂತು. ನೀರೂ ಬಂತು.

"ಹಳೇ ಪ್ರೆಷರ್ ಉಳ್ದಿರತ್ತೆ ಸಾರ್," ಅಂದ ರಜಬ್ ಅಲಿ, ಅವಸರದಲ್ಲಿ ಸ್ವಿಚ್ ಒತ್ತಿ.

ಸೆಕ್ರೆಟರಿ ಮೊದಲು ಡ್ರಮ್ಮಿನ ನೀರನ್ನು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿ ಉಗುಳಿದರು. ಆಮೇಲೆ ಪೈಪಿನದ್ದನ್ನು ಲೋಟದಲ್ಲಿ ಹಿಡಿದು ಕುಡಿದು ಕಣ್ಣು ಮುಚ್ಚಿದರು. "ಏನ್ ರುಚಿ ಕೃಷ್ಣಪ್ಪ. ನಮ್ಮೂರ ನೀರಿಗೆ ಈ ಕ್ವಾಲಿಟಿ ಎಲ್ಲಿಂದ ಬರ್ಬೇಕು?" ಹುಟ್ಟಿದಾಗಿನಿಂದ ಇದೇ ಗುಡ್ಡದ ನೀರು ಕುಡಿದು ಬೆಳೆದ ಏಳು ಜನ ಸರದಿಯಲ್ಲಿ ನಿಂತು ಕುಡಿದು, ಫಾರಿನ್ ಮಷಿನ್ ಅಂದರೆ ಮಷಿನ್ ಎಂದು ತಲೆದೂಗಿದರು. ಒಬ್ಬರು ಮನೆಗೊಯ್ಯಲು ಬಾಟಲಿ ಕೇಳಿದರು.

ಸಾಹುಕಾರ್ರ ಎದೆ ಉಬ್ಬಿತು. ಚನ್ನಕೇಶವನ ಹೆಗಲ ಮೇಲೆ ಕೈಯಿಟ್ಟರು. "ಎಲ್ಲರ ಎದುರಿಗೆ ಹೇಳ್ತಿದೀನಿ. ಇವತ್ತಿಂದ ಇವರು ಆಕ್ಟಿಂಗ್ ಅಲ್ಲ. ಹೊನ್ನೆಬೈಲಿನ ಮ್ಯಾನೇಜರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಕೇಶವ ಮನಸ್ಸಿನಲ್ಲೇ ಲಗ್ನಪತ್ರಿಕೆ ತಿದ್ದಿಕೊಂಡ. ಒಂಬತ್ತು ವರ್ಷದ ಭಾರ ಇಳಿದು ಮೈ ಹಗುರಾಯಿತು.

ಅಷ್ಟರಲ್ಲಿ ಕ್ಯಾಪ್ಟನ್ ಮುಖ ಒರೆಸಿಕೊಳ್ಳುತ್ತ ಹೊರಬಂದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಉದ್ದನೆಯದೊಂದಿತ್ತು. ಚನ್ನಕೇಶವನಿಗೆ ಆ ಟವೆಲಿನ ಗುರುತು ಸಿಕ್ಕಿತು.

"ಕಾಯ್ಸಿದ್ದಕ್ಕೆ ಸಾರಿ. ಇನ್ನೂ ಶುರು ಮಾಡಿಲ್ಲ ತಾನೆ?" ಎನ್ನುತ್ತ ಕ್ಯಾಪ್ಟನ್ ಟವೆಲ್ ಬಿಚ್ಚಿದರು. ಒಳಗೆ ಬಿಳಿ ಬಣ್ಣದ ಒಂದು ಉರುಳೆ. "ಉಪ್ಪನ್ನ ಸೋಸೋದು ಇದೇ. ಜೂನಲ್ಲೇ ಬಿಚ್ಕೊಂಡು ಹೋಗಿದ್ದೆ, ಇದನ್ನ ನಾನು ಯಾರ ಕೈಗೂ ಬಿಡಲ್ಲ. ಪಂಪಿನ ರಬ್ಬರ್ ಒಣಗ್ದೇ ಇರ್ಲಿ ಅಂತ ಫ್ಲಶ್ ಹೇಳಿದ್ದು. ಇದು ಇಲ್ದೆ ಚಾಲೂ ಮಾಡಿದ್ರೆ ಹಾಕಿದ ಉಪ್ಪುನೀರೇ ವಾಪಸ್ ಬರತ್ತೆ."

ಸೆಕ್ರೆಟರಿ ಕೈಯಲ್ಲಿದ್ದ ಲೋಟವನ್ನು ನೋಡಿದರು. ರಜಬ್ ಅಲಿ ಮೆಲ್ಲಗೆ ಸ್ವಿಚ್ ಆರಿಸಿದ. ಮಷಿನ್ ನಿಂತಿತು. ನೀರು ನಿಲ್ಲಲಿಲ್ಲ.

ಅಡುಗೆಮನೆ ಕಿಟಕಿಯಿಂದ ಪಾಪಮ್ಮನ ದನಿ ಕೇಳಿತು. "ಸಾಕಾ ರೈಟ್ರೇ, ಇನ್ನೂ ಬಿಡ್ಲಾ?"

ಕ್ಯಾಪ್ಟನ್ ಗೋಡೆಯ ಮೇಲಿನ ಚಾರ್ಟ್ ತೆಗೆದು, ಬೆರಳಿಟ್ಟು ಎಣಿಸಿ, ಭಾವನ ಕೈಗೆ ಕೊಟ್ಟರು. "ಹದಿನೇಳು ಭಾನುವಾರಕ್ಕೆ ಹತ್ತೊಂಬತ್ತು ಟಿಕ್. ನಾಳೆದೂ ಆಗೋಗಿದೆ, ಆಚೆ ವಾರದ್ದೂ ಆಗಿದೆ."

ಕೃಷ್ಣಪ್ಪನವರು ಚಾರ್ಟನ್ನು ನೋಡಿದರು. ಗೋಡೆಯ ಹಿಂದೆ ಹೋಗಿದ್ದ ಪೈಪನ್ನು ನೋಡಿದರು. ಚನ್ನಕೇಶವನನ್ನು ನೋಡಿದರು. ಅವರು ಮೊದಲಿನಿಂದಲೂ ದನಿ ಏರಿಸಿದವರಲ್ಲ.

"ಚನ್ನಕೇಶವ್ರೇ," ಎಂದರು, "ನೀವು ಆಕ್ಟಿಂಗಲ್ಲೇ ಇರಿ. ಅದು ನಿಮ್ಗೆ ಚೆನ್ನಾಗಿ ಬರತ್ತೆ."